ನಕ್ಕವರಿಗೆ ಮೂರು ದಿನ

ಸೇಲಂ ಹತ್ತಿರದ ಕಡಯಂಪಟ್ಟಿಯ ಸಪ್ಪಲಮ್ಮನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮನೆಯವರು ಯಾರೇ ಹೊಸದಾಗಿ ಏನನ್ನಾದರೂ ಮಾಡಿ ತಂದಿಟ್ಟರೆ, ಅದನ್ನು ನೋಡಿ ನಕ್ಕವರು ಮೂರು ದಿನ ಅದನ್ನು ತಾವೇ ಬಳಸಬೇಕು. ಚೆನ್ನಾಗಿಲ್ಲ ಅನ್ನಬಹುದು, ಬಾಯಿಗೆ ಬಂದಂತೆ ಬೈಯಬಹುದು, ಆದರೆ ಮೂರು ದಿನ ಮುಗಿಯುವ ತನಕ ಬಿಡುವಂತಿಲ್ಲ.

ಇದು ಯಾವ ದೇವರು ವಿಧಿಸಿದ್ದೂ ಅಲ್ಲ, ಯಾವ ಹಿರೀಕರು ಬಿಟ್ಟುಹೋದದ್ದೂ ಅಲ್ಲ. ಸಪ್ಪಲಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಹುಣಸೆಹಣ್ಣು ಮುಗಿದುಹೋಯಿತೆಂದು ಮಾವಿನಕಾಯಿ ಬೇಯಿಸಿ ಹಿಂಡಿ ಸಾರು ಮಾಡಿದ್ದಳಂತೆ. ಮನೆಮಂದಿಯೆಲ್ಲ ನಕ್ಕರಂತೆ. ಅವಳು ಮೂಗು ಸೊರಸೊರ ಎಳೆದುಕೊಳ್ಳುತ್ತಲೇ ಮೂರು ದಿನ ಅದನ್ನೇ ಬಡಿಸಿದಳಂತೆ. ನಾಲ್ಕನೆಯ ದಿನ ಹುಣಸೆಹಣ್ಣಿನ ಸಾರು ಬಂದಾಗ ಮಾವನೇ, "ಅದಿಲ್ವಾ?" ಎಂದು ತಟ್ಟೆ ಮುಂದಿಟ್ಟುಕೊಂಡು ಕೂತನಂತೆ. ಕಟ್ಟಳೆ ಅಲ್ಲಿಂದ ಶುರು.

ರಾಮಕ್ಕ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷ. ಅವಳ ಕೈ ಸುಮ್ಮನೆ ಇರುವ ಕೈಯಲ್ಲ. ಒಡೆದ ಪ್ಲಾಸ್ಟಿಕ್ ಕೊಡ ಕೊಯ್ದು ಕುರಿಗಳಿಗೆ ನೀರಿನ ತೊಟ್ಟಿ ಮಾಡಿದಳು. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಕುಂಟು ಕುರಿಗೆ ಬೂಟು ಹೊಲಿದಳು. ಗಂಡ ಮಾದೇಶ ಒಂದೊಂದಕ್ಕೂ ನಕ್ಕ, ಒಂದೊಂದನ್ನೂ ಮೂರು ಮೂರು ದಿನ ಬಳಸಿದ. "ನನ್ ಆಯಸ್ಸಲ್ಲಿ ಅರ್ಧ ಇವಳು ಮಾಡಿದ್ನ ಬಳ್ಸೋದ್ರಲ್ಲೇ ಓಯ್ತು" ಎಂದು ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಹೇಳುವಾಗ ಮುಖದಲ್ಲಿ ಒಂಥರಾ ಹೆಮ್ಮೆಯೇ ಇರುತ್ತಿತ್ತು ಅನ್ನಿ.

ಆದರೆ ಈ ಸಲ ತೊಂದರೆ ಬಂದದ್ದು ರಾಮಕ್ಕನ ಕುತ್ತಿಗೆಗೆ.

ಕಡಲೆಕಾಯಿ ಕಿತ್ತಾದ ಮೇಲೆ ಅವರ ತೊಂಬತ್ತು ಕುರಿಗಳು ಊರು ಬಿಟ್ಟು ಹೊರಡುತ್ತವೆ. ರಾತ್ರಿಗೊಂದು ಹೊಲದಲ್ಲಿ ಮಂದೆ ತರುಬಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಹೀಗೇ ತೊಪ್ಪೂರು ದಾರಿ ಹತ್ತಿ ಅದಿಯಮಾನ್‌ಕೋಟೆ ಕಡೆ ಹೋದರೆ ಬರುವುದು ನಾಲ್ಕು ತಿಂಗಳ ಮೇಲೆ. ದೊಡ್ಡ ಕುರಿಗಳಿಗೆ ಬಲೆಯ ಬೇಲಿ ಸಾಕು. ಎಳೆಮರಿಗಳನ್ನು ಮಾತ್ರ ಬೇರೆ ಮುಚ್ಚಿಡಬೇಕು. ಇಲ್ಲವೆಂದರೆ ಕುರಿಗಳ ಕಾಲಡಿ ಸಿಕ್ಕುತ್ತವೆ, ಇಲ್ಲ ನರಿಯ ಬಾಯಿಗೆ ಬೀಳುತ್ತವೆ. ಅದಕ್ಕೆಂದು, ರಾತ್ರಿ ಅವುಗಳ ಮೇಲೆ ಕವುಚಲು, ಬಿದಿರಿನ ದೊಡ್ಡ ಮಂಕರಿಗಳು. ಒಂದರ ಮೇಲೊಂದು ಮೂರು ಮಂಕರಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದವಳು ರಾಮಕ್ಕ. ಮಾದೇಶನ ಹೆಗಲಿಗೆ ಬಲೆ, ಗೂಟ, ಪಾತ್ರೆ ಪಗಡಗಳ ಹೊರೆ ಮೊದಲೇ ಇತ್ತು.

"ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ತಲೆ ಮೇಲೆ ಒಂದು ಚೊಂಬು ಕೂಡ ಇಡಬಾರದು" ಎಂದುಬಿಟ್ಟರು ಸೇಲಂನ ಡಾಕ್ಟರಮ್ಮ.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಾದೇಶ ಎಲ್ಲಾ ತೀರ್ಮಾನ ಮಾಡಿ ಆಗಿತ್ತು. "ಮುರುಗೇಶನ್ನ ಆಳಾಗಿ ಕರ್ಕಂಡು ಓಯ್ತೀನಿ. ನೀನು ಮನೇಲಿರು."

"ಮನೇಲಿ ಕೂತ್ಕಂಡು ಏನ್ ಮಾಡ್ಲಿ?"

"ಟಿವಿ ನೋಡು. ಊರೋರೆಲ್ಲ ನೋಡಲ್ವಾ?"

"ಮಂಕರೀನ ಕುಟ್ಟಿಯಾನೆ ಟೆಂಪೋಲಿ ಆಕ್ಕಂಡ್ರೆ?"

"ಬದುವಿನ ಮೇಲೆ ಕುಟ್ಟಿಯಾನೆ ಬತ್ತದಾ? ಕುರಿ ಮುಂದೆ, ಗಾಡಿ ಹಿಂದೆ, ಮದ್ವೆ ಮೆರವಣಿಗೆ ನೋಡು!" ಎಂದವನೇ ಟೀ ಕುಡಿಯಲು ಹೋದ.

ರಾಮಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತಳು. ಬೆಳಗಿನ ಇಬ್ಬನಿಯಲ್ಲಿ ಕುರಿಗಳ ಮೈಯಿಂದ ಏಳುವ ಹಬೆ, ದಿನಕ್ಕೊಂದು ಊರು, ಬಾವಿಕಟ್ಟೆಯಲ್ಲಿ ಸಿಗುವ ಹೆಂಗಸರು, ಹೋದ ವರ್ಷ ಅರ್ಧಕ್ಕೆ ನಿಂತ ಅವರ ಮನೆಯ ಜಗಳಗಳು ಈ ವರ್ಷ ಎಲ್ಲಿಗೆ ಬಂದಿವೆ ಎಂಬ ಸುದ್ದಿ. ಆ ನಾಲ್ಕು ತಿಂಗಳಿಗಾಗಿ ಅವಳು ಉಳಿದ ಎಂಟು ತಿಂಗಳು ಮನೆಯಲ್ಲಿ ಇರುತ್ತಿದ್ದವಳು. ಹೊರಡಲು ಉಳಿದಿದ್ದದ್ದು ಹನ್ನೊಂದು ದಿನ.

ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಎದುರಿಗೆ ಫುಟ್‌ಪಾತಿನ ಮೇಲೆ ಕೊಡೆ ರಿಪೇರಿ ಮಾಡುವ ಮುದುಕ ಕೂತಿದ್ದ. ಹೆಸರು ಪಳನಿಯಪ್ಪನ್ ಎಂದು ಹಿಂದಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು. ಬಟ್ಟೆ ಕಿತ್ತ ಹಳೇ ಕಾಲದ ದೊಡ್ಡ ಕೊಡೆಯೊಂದನ್ನು ಅವನು ಬಿಚ್ಚಿದ. ಬರೀ ಕಡ್ಡಿಗಳು ಸುತ್ತಲೂ ಹರಡಿಕೊಂಡವು. ಮುಚ್ಚಿದ. ಒಂದು ಕೋಲಾಯಿತು. ಬಿಚ್ಚಿದ.

ರಾಮಕ್ಕ ಎದ್ದು ಹೋಗಿ ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. "ಅಯ್ಯಾ, ಇನ್ನೊರು ವಾಟಿ, ಇನ್ನೊಂದ್ಸಲ ಬಿಚ್ಚಿ."

"ಎನ್ನಮ್ಮಾ, ಕೊಡೈ ವೇಣುಮಾ?"

"ಕೊಡೆ ಬ್ಯಾಡ. ಮುಚ್ಚಿ ಒಂಚೂರು."

ಆರು ಸಲ ಬಿಚ್ಚಿಸಿದಳು, ಆರು ಸಲ ಮುಚ್ಚಿಸಿದಳು. ಆಮೇಲೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಎರಡೂ ಸಾಲದ ಕಡೆ ಕೈಸನ್ನೆಯಲ್ಲಿ, ಮರಿಗಳ ಕಥೆ ಹೇಳಿದಳು. ಮುದುಕ ನಗಲಿಲ್ಲ. ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. ನಲವತ್ತು ವರ್ಷದಿಂದ ಜನ ಕೊಡೆ ತಂದು ಮೊದಲಿದ್ದ ಹಾಗೇ ಮಾಡಿಕೊಡು ಎನ್ನುತ್ತಾರೆ, ಬೇರೆ ಏನಾದರೂ ಮಾಡಿಕೊಡು ಎಂದು ಕೇಳಿದವಳು ನೀನೊಬ್ಬಳೇ, ಎಂದ ತನ್ನ ತಮಿಳಿನಲ್ಲಿ. ಮೂಲೆಯ ಗೋಣಿಚೀಲದಿಂದ ಮೂರು ದೊಡ್ಡ ಕೊಡೆಗಳ ಕಡ್ಡಿಗೂಡು ಎಳೆದು ಅವಳ ಮಡಿಲಿಗೆ ಹಾಕಿದ. ಮುರಿದರೆ ನಾಚಿಕೊಂಡು ಮನೆಯಲ್ಲಿ ಬಿಸಾಡಬೇಡ, ಮುರಿದದ್ದನ್ನೇ ಎತ್ತಿಕೊಂಡು ಬಾ, ಎಲ್ಲಿ ಮುರಿಯಿತು ಅಂತ ನಾನೂ ನೋಡಬೇಕು, ಎಂದ.

ಬಸ್ಸಿನಲ್ಲಿ ಮಾದೇಶ ಆ ಕಡ್ಡಿಗಳನ್ನು ನೋಡಿ, "ಇದೇನು ಮೂಳೆ ಮೂಟೆ?" ಎಂದ. ಅವಳು ಅವನ್ನು ಸೆರಗಿನಿಂದ ಮುಚ್ಚಿದಳು.

ಒಂದು ವಾರ ಹಿತ್ತಿಲಲ್ಲೇ ಕಳೆಯಿತು. ಬೇಲಿಯ ಹಳೇ ಬಲೆಯನ್ನು ಕತ್ತರಿಸಿ ಕಡ್ಡಿಗಳ ಮೇಲೆ ಹೊದಿಸಿ, ಅಂಚಿನಿಂದ ನೆಲ ಮುಟ್ಟುವಷ್ಟು ಲಂಗದ ಹಾಗೆ ಇಳಿಬಿಟ್ಟಳು. ಹೊಲಿಯಲು ಗಟ್ಟಿ ದಾರ ಬೇಕಿತ್ತು. ಸಪ್ಪಲಮ್ಮನ ಕಾಲದ ಕರೀ ಕಂಬಳಿಯೊಂದು ಮೂಲೆಯಲ್ಲಿತ್ತು. ಈಗಿನ ಅವರ ಕುರಿಗಳಿಗೆ ಉಣ್ಣೆಯೇ ಇಲ್ಲ, ಕೂದಲು ಮಾತ್ರ. ಆ ಕಂಬಳಿ ಹಳೇ ಕರೀ ಕುರಿಗಳದ್ದು. ಮನೆಯಲ್ಲಿ ಹುಟ್ಟಿದ ಒಂದೊಂದು ಮರಿಯನ್ನೂ ಈಗಲೂ ಮೊದಲು ಒರೆಸುತ್ತಿದ್ದದ್ದು ಅದರಲ್ಲೇ. ಅಂಚು ಬಿಚ್ಚಿ, ಎಳೆ ಹುರಿ ಮಾಡಿ, ಅದರಲ್ಲೇ ಹೊಲಿದಳು.

ಹೊರಡಲು ನಾಲ್ಕು ದಿನ ಇರುವಾಗ ಮೂರನ್ನೂ ಅಂಗಳಕ್ಕೆ ತಂದು ನೆಲಕ್ಕೆ ಚುಚ್ಚಿ ಬಿಚ್ಚಿದಳು.

ಮಾದೇಶ ನೋಡಿದ. ತಡೆದುಕೊಂಡ. ಮೀಸೆ ಕಚ್ಚಿದ. ಕೊನೆಗೆ ಆಗದೆ ಬಿದ್ದುಬಿದ್ದು ನಕ್ಕ. "ಕುರಿಮರಿಗೆ ಕೊಡೆ! ಪೌಡರ್ರೂ ಆಕ್ಬುಡು, ಇಸ್ಕೂಲ್ಗೆ ಕಳ್ಸಾನ!"

"ನಕ್ಕೆಯಲ್ಲ," ಅಂದಳು ಜಗಲಿಯಿಂದ ಸಪ್ಪಲಮ್ಮ, ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸದೆ. "ಇವತ್ತಿಂದ ಮೂರು ದಿನ."

"ಅವ್ವಾ, ಮರಿ ಜೀವದ ಇಚಾರ..."

"ನಗೋವಾಗ ಗೊತ್ತಿರ್ನಿಲ್ವಾ?"

ಮಂದೆ ಆಗ ಊರ ಹೊರಗೆ ವೆಂಕಟಾಚಲಂ ಅವರ ಹೊಲದಲ್ಲಿತ್ತು. ಮೊದಲ ಸಂಜೆ ಮಾದೇಶ ಕೊಡೆಯನ್ನು ಫಟ್ಟನೆ ಬಿಚ್ಚಿದ್ದೇ ತಡ, ತೊಂಬತ್ತು ಕುರಿಗಳೂ ಬೆಚ್ಚಿ ಪಕ್ಕದ ಮರಗೆಣಸಿನ ಹೊಲದ ಕಡೆ ಓಡಿದವು. ಮರಗೆಣಸಿನ ಎಲೆ ತಿಂದರೆ ಕುರಿಗೆ ವಿಷ. ಪಂಚೆ ಬಿಚ್ಚಿ ಬೀಸುತ್ತಾ ಅಡ್ಡ ಓಡಿ ತಿರುಗಿಸುವಷ್ಟರಲ್ಲಿ ಅವನ ಚಡ್ಡಿಯೊಂದೇ ಮಾನ ಕಾಪಾಡಿತ್ತು. ಹೊಲದ ಯಜಮಾನರು ಬದುವಿನ ಮೇಲೆ ನಿಂತು, "ಎನ್ನಪ್ಪಾ ಮಾದೇಶಾ, ಆಟ್ಟುಕ್ಕುಟ್ಟಿಕ್ಕು ವೆಯಿಲ್ ತಾಂಗಲಿಯಾ?" ಎಂದರು. ಬಿಸಿಲು ತಡೆಯಲಿಲ್ಲವೇ ಪಾಪ ಮರಿಗಳಿಗೆ, ಎಂದು.

"ನೀವು ನಮ್ಮನೇರಲ್ಲ, ಅದಕ್ಕೆ ಬದುಕ್ಕಂಡ್ರಿ!" ಎಂದು ಮಾದೇಶ ಏದುಸಿರು ಬಿಟ್ಟ.

ಮನೆಗೆ ಬಂದು ಅವನು ಬೈದದ್ದನ್ನು ರಾಮಕ್ಕ ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಬಿಚ್ಚುವಾಗ ಸದ್ದಾಗುತ್ತದೆ ಎಂದ. ಬೆಳಗ್ಗೆ ಕೊಡೆಯ ಸ್ಪ್ರಿಂಗ್ ಕಿತ್ತು ದಾರ ಎಳೆದು ಮೆಲ್ಲಗೆ ಬಿಚ್ಚುವ ಹಾಗೆ ಮಾಡಿದಳು. ಎರಡನೆಯ ದಿನ, ಗಾಳಿಗೆ ಬಲೆ ಹಾರಿ ಮರಿಗಳು ತಲೆ ಹೊರಗೆ ಹಾಕುತ್ತವೆ ಎಂದ. ಬಲೆಯ ಅಂಚಿನುದ್ದಕ್ಕೂ ಸಣ್ಣ ಉರುಟು ಕಲ್ಲು ಕಟ್ಟಿದಳು. ಆ ಸಂಜೆ ಅವನು ಬೈಯಲು ಏನೂ ಸಿಗದೆ, "ಇದ್ರಲ್ಲಿ ತೂಕವೇ ಇಲ್ಲ ಕಣೇ, ಎತ್ಕಂಡಂಗೇ ಆಗಲ್ಲ" ಎಂದು ಅದನ್ನೂ ಬೈಗುಳದ ದನಿಯಲ್ಲೇ ಹೇಳಿದ. ರಾಮಕ್ಕ ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಳು.

ಮೂರನೆಯ ಬೆಳಗ್ಗೆ ಎಲ್ಲ ಕೆಟ್ಟಿತು.

ನಸುಕಿನಲ್ಲಿ ಇಬ್ಬರೂ ಹೊಲಕ್ಕೆ ಹೋಗಿ ನೋಡಿದರೆ ಮೂರು ಕೊಡೆಯಲ್ಲೂ ಬಲೆ ಬಾಯಿ ಬಿಟ್ಟಿತ್ತು. ಹದಿನೆಂಟು ಮರಿಗಳಲ್ಲಿ ಹದಿನೈದು ತಾಯಂದಿರ ಕೆಳಗೆ ಹಾಲು ಕುಡಿದು ಹೊಟ್ಟೆ ತಮಟೆ ಮಾಡಿಕೊಂಡು ಬಿದ್ದಿದ್ದವು; ಮೂರು ವೆಂಕಟಾಚಲಂ ಅವರ ಬದನೆ ಮಡಿಯಲ್ಲಿ ತಿರುಗುತ್ತಿದ್ದವು.

"ಮುಗೀತು," ಎಂದ ಮಾದೇಶ. ಈಗ ಅವನು ನಗುತ್ತಿರಲಿಲ್ಲ. "ನರಿ ಬಂದಿದ್ರೆ ಒಂದೂ ಉಳೀತಿರ್ನಿಲ್ಲ. ನಾನು ಮುರುಗೇಶಂಗೆ ಫೋನ್ ಮಾಡ್ತೀನಿ. ನಾಳೆ ಮಂಕರಿ ತಕಂಡು ಒರಟೋಯ್ತೀವಿ. ಸಾಕು ಕಣೇ, ನೀನು ಮನೇಲಿರು."

ಅವನು ಹೇಳಿದ್ದು ಸರಿಯೇ. ಆದರೂ ಕೊಡೆ ರಿಪೇರಿಯವನ ಮಾತು ನೆನಪಾಗಿ, ರಾಮಕ್ಕ ಕಿತ್ತುಹೋದ ಕಡೆಯೇ ಕೂತಳು. ಬಲೆ ಹರಿದಿರಲಿಲ್ಲ. ಕಡ್ಡಿ ಮುರಿದಿರಲಿಲ್ಲ. ಹೊಲಿಗೆ ಮಾತ್ರ ಬಿಟ್ಟಿತ್ತು, ಅದೂ ಮರಿಗಳ ಬಾಯಿ ಎಟಕುವಷ್ಟು ಎತ್ತರದವರೆಗೆ. ದಾರ ಮುಟ್ಟಿದಳು. ಒದ್ದೆ, ಅಂಟಂಟು.

ಅಷ್ಟರಲ್ಲಿ ಗದ್ದಲ ಕೇಳಿ ಸಪ್ಪಲಮ್ಮ ಕೋಲೂರಿಕೊಂಡು ಹೊಲಕ್ಕೇ ಬಂದಿದ್ದಳು. ಹತ್ತು ವರ್ಷವಾಗಿತ್ತು ಅವಳು ಮಂದೆಯ ಹತ್ತಿರ ಬಂದು. ಸೊಸೆಯ ಕೈಯಿಂದ ದಾರ ತೆಗೆದುಕೊಂಡು ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಹಲ್ಲಿಲ್ಲದ ಬಾಯಿ ಅಗಲಿಸಿ, ಹೊಟ್ಟೆ ಹಿಡಿದುಕೊಂಡು, ಬದುವಿನ ಮೇಲೆ ಕುಸಿದು ಕೂತು ನಕ್ಕಳು.

"ಲೇ ರಾಮೀ, ಹುಟ್ಟಿದ ಗಳಿಗೇಲಿ ಮೂಗಿಗೆ ಬಡ್ದ ಕಂಬಳಿ ವಾಸ್ನೆ ಅಲ್ವೇನೇ ಇದು! ಅವ್ವ ಅಂದ್ಕಂಡು ರಾತ್ರಿಯೆಲ್ಲ ಚೀಪವ್ರೆ. ನಿನ್ ಹೊಲಿಗೇನ ಮೊಲೆ ಮಾಡ್ಕಂಡವ್ರೆ!"

ರಾಮಕ್ಕನ ತಲೆ ಆಗಲೇ ಓಡುತ್ತಿತ್ತು. ಹೊಲಿಗೆಗೆ ನೈಲಾನ್ ದಾರ. ಕಂಬಳಿಯ ತುಂಡನ್ನು ನಡುವಿನ ಕೋಲಿಗೆ ಕಟ್ಟಬೇಕು. ಚೀಪುವವರು ಅಲ್ಲೇ ಚೀಪಿಕೊಂಡು ಇರಲಿ, ಅಂಚಿಗೆ ಬರುವುದೇ ಇಲ್ಲ. ಆಮೇಲೆ ಇನ್ನೊಂದು ವಿಷಯ ಹೊಳೆಯಿತು.

"ಅತ್ತೆ," ಎಂದಳು ಮೆಲ್ಲಗೆ. "ನೀವು ನಕ್ಬುಟ್ರಿ."

ಮಾದೇಶ ಕಿವಿಯಿಂದ ಫೋನು ಇಳಿಸಿದ. "ಅವ್ವ ನಕ್ಕಿದ್ದು ಮರಿಗೆ ಕಣೇ, ಕೊಡೆಗಲ್ಲ!"

"ಯಾವ್ದಕ್ಕೆ ನಕ್ಕೆ ಅಂತ ಕಟ್ಟಳೇಲಿ ಐತೇನ್ಲಾ?" ಎಂದಳು ಸಪ್ಪಲಮ್ಮ. "ನಕ್ಕೆ. ನಾಳೆಯಿಂದ ಮೂರು ದಿನ ನಂದು."

"ನಾಳೆ ಮಂದೆ ಒರಡ್ತದಲ್ಲವ್ವ!"

"ಒರಡ್ಲಿ. ನಾನೂ ಒರಡ್ತೀನಿ."

"ನಿನಗೆ ಎಪ್ಪತ್ತಾರು! ದಾರೀಲಿ ನಿನ್ನ ಯಾರು ನೋಡ್ಕಳೋದು, ಮುರುಗೇಶನಾ?"

"ಅವ್ನ್ಯಾಕ್ಲಾ, ನನ್ ಸೊಸೆ ಇಲ್ವಾ?"

ಮಾದೇಶ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೈಯಲ್ಲಿ "ಹಲೋ ಹಲೋ" ಎನ್ನುತ್ತಿದ್ದ ಫೋನನ್ನು ನೋಡಿದ. "ಏನಿಲ್ಲ ಮುರುಗೇಶಾ, ಸುಮ್ನೆ ಮಾಡ್ದೆ. ಊಟ ಆಯ್ತಾ?" ಎಂದ. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಮಾರನೆಯ ದಿನ ಮಂದೆ ಹೊರಟಿತು. ರಾಮಕ್ಕನ ತಲೆಯ ಮೇಲೆ ಬರೀ ಸೆರಗು. ಮುಚ್ಚಿದ ಎರಡು ಕೊಡೆ ಅವಳ ಕಂಕುಳಲ್ಲಿ. ಮೂರನೆಯದನ್ನು ಸಪ್ಪಲಮ್ಮ ಊರಿಕೊಂಡು ನಡೆದಳು. ನಡೆಯುವ ಕಡೆ ನಡೆದಳು, ತೊಪ್ಪೂರಿನ ಏರು ಬಂದಾಗ ಟೌನ್‌ಬಸ್ ಹತ್ತಿ ಮೇಲೆ ಹೋಗಿ ಇವರಿಗಾಗಿ ಕಾದು ಕೂತಳು. ದಾರಿಯ ಊರೂರಲ್ಲೂ ಅವಳ ವಯಸ್ಸಿನ ಗುರುತಿನವರು ಸಿಕ್ಕಿದರು. ಸಂಜೆ ಕೊಡೆ ಬಿಚ್ಚುವುದನ್ನು ನೋಡಲು ಹೆಂಗಸರು ಸೇರಿದರು, ಯಾರಾದರೂ ನಕ್ಕರೆ ಅವಳು ಬೆರಳೆತ್ತಿ, "ಜ್ವಾಪಾನ!" ಎನ್ನುತ್ತಿದ್ದಳು. ಮರಿಗಳು ಕಂಬಳಿಯ ತುಂಡಿನ ಸುತ್ತ ಒತ್ತಿಕೊಂಡು ಮಲಗಿದವು. ಹೊಲಿಗೆ ಒಂದೂ ಬಿಡಲಿಲ್ಲ.

ಅದಿಯಮಾನ್‌ಕೋಟೆಯ ಹತ್ತಿರದ ಹೊಲಕ್ಕೆ ಬಂದಾಗ ಮೂರು ದಿನ ತುಂಬಿತ್ತು. ಸಪ್ಪಲಮ್ಮನನ್ನು ಊರಿನ ಬಸ್ಸು ಹತ್ತಿಸುವುದೆಂದು ಮಾದೇಶ ಹೊರಟು ನಿಂತ. ಕೊಡೆಗಾಗಿ ರಾಮಕ್ಕ ಕೈ ಚಾಚಿದಳು.

"ಕೊಡಿ ಅತ್ತೆ. ಮೂರು ದಿನ ಆಯ್ತು."

ಮುದುಕಿ ಕೊಡೆಯನ್ನು ಎದೆಗವುಚಿಕೊಂಡು ನೆಲದ ಮೇಲೆ ಕೂತೇಬಿಟ್ಟಳು. "ಎಲ್ಲಾಯ್ತು? ಇನ್ನೂ ನಾನು ಬೈದೇ ಇಲ್ಲ. ಇಲ್ಲಿ ನೋಡು, ಈ ಹಿಡಿ ಜಾರ್ತದೆ. ಕತ್ಲಲ್ಲಿ ದಾರ ಯಾವ್ದು ಬಲೆ ಯಾವ್ದು ತಿಳಿಯಲ್ಲ. ಮತ್ತೆ ಈ ಕಲ್ಲು, ನಡೆಯೋವಾಗ ಲೊಟಲೊಟ ಅಂತಾವೆ..."

ರಾಮಕ್ಕ ಸೆರಗು ಸಿಕ್ಕಿಸಿಕೊಂಡು ಅತ್ತೆಯ ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು. "ಬೈರಿ," ಎಂದಳು. "ನಿಧಾನುಕ್ಕೆ ಒಂದೊಂದಾಗಿ ಬೈರಿ."