ಹೆಣದ ಮುಂದಿನ ಮಾತು

ದಾನವ್ವನ ಹೆಣ ಒಂದು ಕಡೆ ವಾಲುತ್ತಿತ್ತು. ಸೊಸೆ ಸುಶೀಲವ್ವ ಬೆನ್ನ ಹಿಂದೆ ಹತ್ತಿಯ ದಿಂಬು ತುರುಕಿ ನೆಟ್ಟಗೆ ಕೂರಿಸಿದಳು. ಯುದ್ಧದ ಕಾಲ, ಹೊಸ ಸೀರೆ ಎಲ್ಲಿಯೂ ಸಿಕ್ಕಿರಲಿಲ್ಲ. ಹಳೆಯ ಇಳಕಲ್ ಸೀರೆಯನ್ನೇ ಉಡಿಸಿದ್ದರು.

ಚಿಕ್ಕೇರೂರಿನಲ್ಲಿ ಯಾರು ಸತ್ತರೂ ಹೆಣದ ಮುಂದೆ ಕುಳಿತು ಅವರ ಬಾಳನ್ನು ಹಾಡಿಕೊಂಡು ಅಳುವವಳು ದಾನವ್ವನೇ. ಈಗ ಅವಳಿಗೇ ಅಳುವವರು ಬೇಕಾಗಿತ್ತು. ಅದು ಮಗಳ ಪಾಲಿನದು. ಹಿರೇಕೆರೂರಿನಿಂದ ಬಂದ ಮಗಳು ಕಲ್ಲವ್ವ ಮಾತ್ರ ಹೊಸ್ತಿಲು ದಾಟದೆ ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದಳು.

"ಒಳಗ ಬಾರವಾ, ನಿಮ್ಮವ್ವಗ ನಾಕು ಮಾತು ಹೇಳಿ ಅಳು," ಎಂದ ಓಣಿಯ ಹಿರಿಯ ಗುದ್ಲೆಪ್ಪ.

"ಊರ ಹೆಣಕ್ಕೆಲ್ಲಾ ಅತ್ತಾಕಿ, ನನ್ನ ಕೂಸು ಸತ್ತಾಗ ಬರಲಿಲ್ಲ. ನಾ ಯಾಕ ಅಳಲಿ?"

ಗುದ್ಲೆಪ್ಪ ಸುಶೀಲವ್ವನ ಕಡೆ ತಿರುಗಿದ. "ಹಂಗಾರ ನೀನ ಹೇಳವಾ. ಹೂಳಾಕ ಕುಣಿ ತೋಡಿ ಆತು."

*

ಅತ್ತೆ ಬದುಕಿದ್ದಾಗ, ಹತ್ತಿ ಬಿಡಿಸುವ ಹೊತ್ತಿನಲ್ಲಿ, ಸುಶೀಲವ್ವ ಅವಳಿಂದ ಈ ಹಾಡಿ ಅಳುವ ವಿದ್ಯೆ ಕಲಿಯುತ್ತಿದ್ದಳು. ತೀರಿಹೋದ ನೆರೆಮನೆಯ ಮುದುಕನನ್ನು ಕುರಿತು ಒಮ್ಮೆ ಹೇಳಿ ತೋರಿಸಿದಳು: ಧರ್ಮವಂತ, ದೊಡ್ಡ ಮನಸಿನಾವ, ಬಂಗಾರದಂಥಾವ.

"ಇದು ಯಾರ ಹೆಣಕ್ಕಾದ್ರೂ ಹೊಂದತೈತಿ," ಎಂದಳು ದಾನವ್ವ. "ಆ ಮುದುಕ ಮಜ್ಜಿಗ್ಯಾಗ ಉಪ್ಪು ಕಡಿಮಿ ಆದ್ರ ತಂಬಿಗಿ ಒಗೀತಿದ್ದ. ಅದನ್ನ ಹೇಳು. ಮಂದಿ ಮೊದಲ ನಗಬೇಕು, ಆಮ್ಯಾಗ ತಾವ ಅಳತಾರ. ಹೊಗಳಬ್ಯಾಡ, ಕಂಡದ್ದು ಹೇಳು."

"ಅವರ ಮನಿಯವರು ಸಿಟ್ಟಿಗೆದ್ರ?"

"ಏಳಲಿ. ಅವರಿಗೂ ಗೊತ್ತೈತಿ."

*

"ಪುಣ್ಯವಂತಿ ನನ್ನತ್ತಿ, ತಾಯಿಗಿಂತ ಹೆಚ್ಚಿನಾಕಿ..." ಎಂದು ಸುಶೀಲವ್ವ ಶುರು ಮಾಡಿದಳು. ಹೆಂಗಸರು ಕೇಳುವುದು ಬಿಟ್ಟು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು. ಅವಳಿಗೆ ನಾಚಿಕೆಯಾಯಿತು. ಬೇರೆ ಮಾತು ಹಿಡಿದಳು.

"ಬೆಲ್ಲ ಮುಚ್ಚಿಟ್ಟು ಇರುವಿ ತಿಂದ್ವು ಅಂತಿದ್ದಿ, ಅತ್ತೆವ್ವಾ. ನಾ ಉಂಡಿಲ್ಲಂದ್ರ ಬೈಕೋತನ ಬಿಸಿ ರೊಟ್ಟಿ ಬಡಿತಿದ್ದಿ."

ಯಾರೋ ನಕ್ಕರು.

"ಕಲ್ಲಕ್ಕನ ಕೂಸು ಹೋತಂತ ಸುದ್ದಿ ಬಂದಾಗ ಬಂಡಿ ಹೂಡಿಸಿದಿ. ನಾನೂ ಬಂಡ್ಯಾಗ ಇದ್ದೆ. ದಾರಿಗುಂಟ ಹಾಡಿ ಅಳಾಕ ಬಾಯಿ ತೆರದಿ, ಒಂದು ಮಾತೂ ಹೊರಡಲಿಲ್ಲ. ಮಗಳ ಮುಂದ ಮೂಕಿ ಆಗಿ ಹೆಂಗ ಕೂಡಲಿ ಅಂದಿ. ಹಿರೇಕೆರೂರ ಅಗಸಿ ಬಾಗಲಾ ಕಂಡ ಮ್ಯಾಲೆ ಎತ್ತು ತಿರುಗಿಸು ಅಂದಿ. ಯಾರಿಗೂ ಹೇಳಬ್ಯಾಡಂತ ಆಣಿ ಮಾಡಿಸಿಕೊಂಡಿ. ಇವತ್ತ ಹೇಳಾಕತ್ತೇನಿ. ಬೈಯಿ, ಅತ್ತೆವ್ವಾ, ಬೈಯಿ."

ಕಲ್ಲವ್ವ ಹೊಸ್ತಿಲು ದಾಟಿ ಬಂದು ಹೆಣದ ಮುಂದೆ ಕುಳಿತಳು.

"ಮೂಕಿ ಆಗೇ ಬರಬೇಕಿತ್ತವ್ವಾ," ಎಂದಳು.

ಆಮೇಲೆ ಅವ್ವನ ತುಟಿಯ ಮೇಲೆ ಉದುರಿದ್ದ ವಿಭೂತಿಯನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು.