ಬ್ಯಾಟರಿಯ ಗೆರೆ

ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನ ಗೆರೆಯೊಂದು ಎಡದಿಂದ ಬಲಕ್ಕೆ ಇಳಿಯುತ್ತಿತ್ತು, ಕಲ್ಯಾಣಿಯ ಮೆಟ್ಟಿಲುಗಳ ಹಾಗೆ. ಆ ಗೆರೆಗೆ ಅಂಬುಜಕ್ಕನ ಉಸಿರು ಜೋತುಬಿದ್ದಿತ್ತು.

ಅಕ್ಕನ ಶ್ವಾಸಕೋಶಗಳು ಸೋತು ವರ್ಷವಾಗಿತ್ತು. ಮಂಚದ ಪಕ್ಕದ ಆಕ್ಸಿಜನ್ ಯಂತ್ರವೇ ಆಸರೆ. ಆ ದಿನ ತಂತಿ ದುರಸ್ತಿಗೆಂದು ಬೆಳಿಗ್ಗೆ ಒಂಬತ್ತಕ್ಕೆ ಕರೆಂಟ್ ಹೋಯಿತು. ಮತ್ತೆ ಬರುವುದು ಸಂಜೆ ಐದಕ್ಕೆ. ಯುಪಿಎಸ್ ರಿಪೇರಿಯ ದಾದಾಪೀರ್ ಬಂದು ನೋಡಿದ.

“ಹಳೇ ಬ್ಯಾಟರಿ, ಸ್ವಾಮಿ. ಮಧ್ಯಾಹ್ನ ಒಂದು ಗಂಟೆವರೆಗೆ ಎಳೆದ್ರೆ ಹೆಚ್ಚು. ನಾನು ಹೋಗಿ ಸಿಲಿಂಡರ್ ತರ್ತೀನಿ, ಸಂಜೆ ಆದ್ರೂ ಆಗ್ಬಹುದು. ಬ್ಯಾಟರಿ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ಕಾಲು ಗಂಟೆಗೊಂದು ಸಲ ಬರೆದಿಡಿ. ಇಪ್ಪತ್ತಕ್ಕೆ ಇಳಿದ್ರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.”

ಯುಪಿಎಸ್ ಇದ್ದದ್ದು ಹಿತ್ತಲಿನ ಕೋಣೆಯಲ್ಲಿ. ಅದರ ಗುಂಯ್‌ಗುಡುವಿಕೆಯಲ್ಲಿ ಅಕ್ಕನ ಯಂತ್ರದ ಸದ್ದು ಕೇಳುತ್ತಿರಲಿಲ್ಲ. ಯುಪಿಎಸ್ ಪರದೆಯ ಅಂಕಿಯನ್ನೇ ನೋಡುತ್ತ ಕೂತರೆ ಎದೆ ಒಡೆದೀತೆಂದು ಒಂದು ನೇಮ ಮಾಡಿಕೊಂಡೆ. ಬೆನ್ನು ತಿರುಗಿಸಿ ಜಪ. ಕಾಲು ಗಂಟೆಯಾದಾಗ ಗಟ್ಟಿಯಾಗಿ ಒಂದು ಷಟ್ಪದಿ. ಅದು ಮುಗಿದ ಮೇಲೆಯೇ ಅಂಕಿಯತ್ತ ನೋಟ. ಆ ಷಟ್ಪದಿ ಅಕ್ಕ ಕಲಿಸಿದ್ದು. ಚಿಕ್ಕಂದಿನಲ್ಲಿ ಅವಳು ಓದುತ್ತಿದ್ದಳು, ನಾನು ಕೇಳುತ್ತಿದ್ದೆ.

ಹನ್ನೊಂದಕ್ಕೆ ಅವಳ ಕೋಣೆಗೆ ಹೋಗಿ ಹೇಳಿದೆ: “ನಿನ್ನ ಯಂತ್ರ ಎಳೆಯೋ ಲೋಡು ಮುನ್ನೂರೈವತ್ತು ವ್ಯಾಟ್. ಬ್ಯಾಟರಿ ಐವತ್ತೆರಡು, ಅಕ್ಕ.”

“ಪಂಚಾಂಗ ಓದ್ದ ಹಾಗೆ ಓದ್ತೀಯಲ್ಲೋ! ರಾಹುಕಾಲ ಎಷ್ಟೊತ್ತಿಗೆ, ಅದನ್ನೂ ಹೇಳ್ಬಿಡು.” ನಕ್ಕಳು, ಕೆಮ್ಮಿದಳು. “ಇಪ್ಪತ್ತಕ್ಕೆ ಬಂದ್ರೆ?”

“ಹೊರಡೋದೇ.”

“ನಾ ಬರಲ್ಲ. ಹೋದ ಸಲ ಮಂಚಕ್ಕೆ ಕೈ ಕಟ್ಟಿ ಮಲಗಿಸಿದ್ರು. ಮರೆತ್ಯೇನೋ?”

ಅವಳ ಹೊದಿಕೆ ಸರಿಪಡಿಸಿ ಹಿತ್ತಲಿಗೆ ಮರಳಿದೆ.

ಆಮೇಲೆ ಗೆರೆ ಇಳಿಯುವುದನ್ನು ಮರೆತಂತಾಯಿತು. ಮೆಟ್ಟಿಲುಗಳು ಗಿಡ್ಡವಾದವು. ಹನ್ನೆರಡಕ್ಕೆ ನಲವತ್ತಾರು, ಒಂದಕ್ಕೆ ನಲವತ್ತು, ಎರಡಕ್ಕೆ ಮೂವತ್ತೈದು. ಲೋಡು ಮಾತ್ರ ನೋಡಿದಾಗಲೆಲ್ಲ ಅದೇ ಮುನ್ನೂರೈವತ್ತು. ಲೆಕ್ಕ ಕೂಡುತ್ತಿರಲಿಲ್ಲ. ಕೂಡದ ಲೆಕ್ಕಕ್ಕೆ ನಾನು ದೇವರ ಹೆಸರಿಟ್ಟೆ.

ಎರಡರ ಅಂಕಿ ಬರೆದು ಅವಳ ಕೋಣೆಗೆ ಹೋದೆ. “ಅಕ್ಕ, ಸಂಜೆವರೆಗೂ ಬರುತ್ತೆ!”

ಅವಳು ತಲೆಯಾಡಿಸಿದಳಷ್ಟೆ. ತುಟಿ ನೇರಳೆಹಣ್ಣು ತಿಂದಂತಿತ್ತು. ಕೋಣೆಯಲ್ಲಿ ಬೆಳಕು ಸಾಲದು ಎಂದುಕೊಂಡೆ.

ಮೂರೂಕಾಲಿಗೆ ಪದ್ಯ ಮುಗಿಸಿ ತಿರುಗಿದರೆ ಲೋಡು ಸೊನ್ನೆ.

ಓಡಿದೆ. ಯಂತ್ರ ಆರಿತ್ತು. ಸ್ವಿಚ್ಚಿನ ಮೇಲೆ ಅಕ್ಕನ ಬೆರಳಿತ್ತು. ಕೂಡದ ಲೆಕ್ಕ ಈಗ ಕೂಡಿತು: ಪದ್ಯ ನಿಂತು ನಾನು ಅಂಕಿ ನೋಡಿಯಾದ ಮೇಲೆ ಆರಿಸಿ, ಮುಂದಿನ ಸಲ ನನ್ನ ಪದ್ಯ ಕೇಳಿದೊಡನೆ ಮತ್ತೆ ಹಚ್ಚುತ್ತಿದ್ದಳು. ಆ ಪದ್ಯವನ್ನು ಎಲ್ಲಿ ನಿಲ್ಲಿಸುತ್ತೇನೆಂದು ಅವಳಿಗಿಂತ ಬಲ್ಲವರಾರು? ಇಪ್ಪತ್ತಕ್ಕೆ ಇಳಿಯಗೊಡಬಾರದೆಂದು ಬ್ಯಾಟರಿಗೆ ತನ್ನ ಉಸಿರನ್ನೇ ಮಿಗಿಸಿಕೊಟ್ಟಿದ್ದಳು. ಈ ಸಲ ಬೆರಳಿಗೆ ಒತ್ತುವ ಬಲವಿರಲಿಲ್ಲ.

ನಾನೇ ಒತ್ತಿದೆ. ಯಂತ್ರ ಊದತೊಡಗಿತು, ಎಳೆದುಕೊಳ್ಳುವವರಿರಲಿಲ್ಲ. ಬ್ಯಾಟರಿಯಲ್ಲಿ ಇನ್ನೂ ಇಪ್ಪತ್ತೊಂಬತ್ತು ಉಳಿದಿತ್ತು.

ಸಿಲಿಂಡರ್ ಹೊತ್ತು ಬಂದ ದಾದಾಪೀರ್ ಹೊಸ್ತಿಲಲ್ಲೇ ನಿಂತುಬಿಟ್ಟ. ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ “ಕರೆಂಟ್ ಬಂತು!” ಎಂದು ಬೀದಿಯೆಲ್ಲ ಕೂಗಿತು. ತಲೆಯ ಮೇಲಿನ ಫ್ಯಾನು ತಿರುಗಿತು. ಅಕ್ಕನ ಹಣೆಯ ಬಿಳಿಕೂದಲೊಂದು ಅಲುಗಿತು, ಮತ್ತೆ ಅಲುಗಿತು. ಅದನ್ನೇ ನೋಡುತ್ತ ನಿಂತೆ.