ಅಳಿಸಿದ ನಾಲ್ಕು ನಿಮಿಷ

ಗದ್ದಲದೊಳಗಿಂದ ಸಂಕೇತವನ್ನು ಹೆಕ್ಕುವುದರಲ್ಲಿ ನನ್ನಂಥವನು ಮೂರು ಲೋಕದಲ್ಲೂ ಇಲ್ಲ. ಬೇರೆಯವರಿಗೆ ಹೊಟ್ಟೆಕಿಚ್ಚು, ಹಾಗಾಗಿ ನಾನೇ ಹೇಳಿಕೊಳ್ಳಬೇಕಾಗಿದೆ. ನಮ್ಮ ಕೇಂದ್ರದ ಯಂತ್ರ ರಾತ್ರಿಯಿಡೀ ದೂರದ ಪ್ರಸಾರಕವೊಂದರ ಅತಿ ಕಡಿಮೆ ಕಂಪನಾಂಕದ ರೇಡಿಯೋ ಅಲೆಗಳನ್ನು ಹಿಡಿದಿಡುತ್ತದೆ. ಅವು ನೆಲಕ್ಕೂ, ಎಂಬತ್ತೈದು ಕಿಲೋಮೀಟರ್ ಮೇಲಿನ ಅಯಾನುಗೋಳವೆಂಬ ವಿದ್ಯುತ್ಕಣಗಳ ಪದರದ ತಳಕ್ಕೂ ನಡುವೆ ಪುಟಿಯುತ್ತಾ ಬರುತ್ತವೆ. ಅವುಗಳ ಬಲವನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತದೆ; ಅದು ಏರುಪೇರಾದರೆ ಮೇಲೆ ಏನೋ ನಡೆದಿದೆ ಎಂದರ್ಥ. ಬೆಳಿಗ್ಗೆ ಬಂದು ಆ ಗೆರೆಯ ಕಸ ಗುಡಿಸುವವನು ನಾನು.

ಒಂದು ಬೆಳಿಗ್ಗೆ ನೋಡಿದರೆ, ಗೆರೆ ನಾಲ್ಕು ನಿಮಿಷ ಬಾವಿಗೆ ಬಿದ್ದಂತೆ ಕುಸಿದಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು ಕೊಟ್ಟೆ: “ಅಕ್ಕಾ, ನಿನ್ನ ಆಂಟೆನಾದ ಬೆಸುಗೆ ಬಿಟ್ಟಿದೆ.”

ಆಂಟೆನಾ ನೋಡಿಕೊಳ್ಳುವ ಮೆಕ್ಯಾನಿಕ್ ನಮಗೆಲ್ಲ ಅಕ್ಕ.

“ಮೊನ್ನೆ ತಾನೇ ನೋಡಿದೀನಲ್ಲೋ!”

“ನನ್ನ ಕಣ್ಣು ಸುಳ್ಳು ಹೇಳಲ್ಲ.”

“ಕಣ್ಣು ಹೇಳಲ್ಲಪ್ಪ, ಬಾಯಿ ಹೇಳುತ್ತೆ,” ಎಂದು ಗೊಣಗುತ್ತಲೇ ಕಂಬ ಹತ್ತಿದಳು. ನೋಯುವ ಮಂಡಿಯಲ್ಲಿ, ಮೂರು ದಿನ ಬಿಸಿಲಿನಲ್ಲಿ, ಒಂದೊಂದೇ ಬೆಸುಗೆ ಬಿಡಿಸಿ ಮತ್ತೆ ಹಾಕಿದಳು. ನಾನು ಆ ನಾಲ್ಕು ನಿಮಿಷ ಅಳಿಸಿ, ಬ್ರಹ್ಮನಿಗೂ ಗುರುತು ಸಿಗದಷ್ಟು ನುಣುಪಾಗಿ ಗೆರೆ ಎಳೆದು, ‘ಆಂಟೆನಾ ದೋಷ’ ಎಂದು ಷರಾ ಬರೆದೆ.

ಮರುವಾರ ಬೇರೆ ಮೂರು ಕೇಂದ್ರಗಳಿಂದ ಪತ್ರ ಬಂತು. ಅದೇ ರಾತ್ರಿ, ಅದೇ ನಾಲ್ಕು ನಿಮಿಷ, ಯಾವುದೋ ನಕ್ಷತ್ರದ ಗಾಮಾ ಕಿರಣಗಳು ಅಯಾನುಗೋಳವನ್ನು ಅಲುಗಾಡಿಸಿದ್ದವಂತೆ. ‘ನಿಮ್ಮಲ್ಲೂ ಕಂಡಿತೇ?’ ಎಂದು ಕೇಳಿದ್ದರು.

ನಿರ್ದೇಶಕರು ನನ್ನ ಷರಾ ಓದಿದರು. “ನಮ್ಮ ಆಂಟೆನಾನೇ ಕೈಕೊಟ್ಟಿತ್ತಲ್ಲ. ಇಂಥ ಅವಕಾಶ ಹೋಯ್ತು. ಅಕ್ಕ, ಮುಂದಿನ ತಿಂಗಳಿಂದ ಬೇರೆಯವರನ್ನ ನೋಡ್ತೀವಿ.”

ಅಕ್ಕ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಅವಳು ಅಂಗೈ ನೋಡಿಕೊಂಡಳು. “ಇರಬಹುದು ಸರ್. ಇವನು ಹೇಳಿದಾನೆ ಅಂದ್ರೆ ಸರಿಯಾಗೇ ಇರುತ್ತೆ. ನನ್ನ ಕೈ ನಡುಗಿರಬೇಕು.”

ನನ್ನ ಬಡಾಯಿಯನ್ನು ಭೂಮಿಯ ಮೇಲೆ ಒಬ್ಬಳು ನಂಬಿದ್ದಳು! ಅಳಿಸುವ ಮುಂಚಿನ ಮೂಲ ದಾಖಲೆ ನನ್ನ ಕಂಪ್ಯೂಟರಿನಲ್ಲೇ ಇತ್ತು. ಆದರೂ ಕೈಯಲ್ಲಿದ್ದ ಲೋಟದ ಚಹಾ ಮುಗಿಯುವವರೆಗೆ ನಾನು ತುಟಿ ಬಿಚ್ಚಲಿಲ್ಲ. ಅಳಿಸಿದ್ದಕ್ಕಿಂತ ಆ ಒಂದು ಲೋಟ ಚಹಾ ನೆನೆದರೆ ಇವತ್ತಿಗೂ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತದೆ.

“ಆಂಟೆನಾ ಸರಿಯಿತ್ತು ಸರ್,” ಎಂದೆ ಕೊನೆಗೆ. “ಸಂಕೇತ ಸಿಕ್ಕಿತ್ತು. ಅಳಿಸಿದ್ದು ನಾನು.”

“ಅಯ್ಯೋ ಪಾಪಿ!” ಎಂದಳು ಅಕ್ಕ. “ಎಲ್ಲಿ ತಪ್ಪಿದೆ ಅಂತ ವಾರದಿಂದ ನಿದ್ದೆ ಮಾಡಿಲ್ವಲ್ಲೋ ನಾನು.”

ನಿರ್ದೇಶಕರು ಅವಳ ಕ್ಷಮೆ ಕೇಳಿ, ಆ ಮೂರು ಕೇಂದ್ರಗಳಿಗೆ ಉತ್ತರವನ್ನು ನನ್ನ ಕೈಯಲ್ಲೇ ಬರೆಸಿದರು. ಕೂತಲ್ಲೇ ಮಹಾಕಾವ್ಯ ಹೊಸೆಯಬಲ್ಲ ನನಗೆ ಎರಡು ಸಾಲಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಅಕ್ಕ ಕುರ್ಚಿಯ ಹಿಂದೆಯೇ ನಿಂತಿದ್ದಳು.

“ಅಳಿಸಿದವನ ಹೆಸರು ಎಲ್ಲಿ?” ಎಂದಳು.

ಬರೆದೆ.